ಹಾಲೆಂಡಿನ ಕಾಲ್ಚೆಂಡಿಗರು: ಒಂದು ತಾರತಮ್ಯ ವಿಚಾರ

ಸಂಪಾದಕ ಮಂಡಳಿಯವರು ವರ್ಷವರ್ಷವೂ ನನ್ನಿಂದ ನಿರೀಕ್ಷಿಸುವುದು ಛಂದಸ್ಸನ್ನೋ ವ್ಯಾಕರಣದ ಒಂದು ಸೂತ್ರವನ್ನೋ ಕುರಿತ ಬರೆಹವನ್ನು. ಈ ಬಾರಿ ಹಾಲೆಂಡ್ ದೇಶದ ಆಧುನಿಕ ಕಾಲ್ಚೆಂಡಿಗರಲ್ಲಿ ಯಾರು ಮೊದಲು, ಯಾರು ಅನಂತರ ಎಂಬ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ನಿವೇದಿಸಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಓದಿ, ಈಗ ಆ ದೇಶದ ಐಂಡ್‌ಹೋವನ್ ನಗರದಲ್ಲಿ ಇಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಬೇಸಗೆಯಲ್ಲಿ ಸಂಸಾರಸಮೇತರಾಗಿ ಬಂದಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಚಹ ಕುಡಿಯುತ್ತ ಈ ಪ್ರಶ್ನೆಯನ್ನೆತ್ತಿದವರು ಅವರೇ. ದೈಹಿಕ ಶಿಕ್ಷಣದ ನಮ್ಮ ಮಿತ್ರರು ಒಡನೆಯೇ ಗೋಲುಗಳ ಲೆಕ್ಕವನ್ನು ಬಿಚ್ಚಿದರು. ನಾನೂ ಬಾಯಿ ಹಾಕಿದೆ. ಗಂಟೆ ಬಾರಿಸಿದ್ದರಿಂದ ಅಲ್ಲಿ ಅರ್ಧಕ್ಕೆ ನಿಂತ ವಾದವನ್ನು ಇಲ್ಲಿ ಮುಂದುವರಿಸುತ್ತಿದ್ದೇನೆ.

ಪಂಡಿತನಿಗೆ ಈ ಗೀಳು ಹೇಗೆ ಹತ್ತಿತೆಂದು ಅನೇಕರು ಕೇಳುವುದುಂಟು. ೧೯೯೦ರ ವಿಶ್ವಕಪ್ ನಡೆದಾಗ ನಾನು ಪಾಠಶಾಲೆಯ ವಿದ್ಯಾರ್ಥಿ. ಹಗಲು ಶಬ್ದಮಣಿದರ್ಪಣದ ಕಂಠಪಾಠ, ಇರುಳು ನೆರೆಯ ಅಂಗಡಿಕಾರರ ಮನೆಯ ದೂರದರ್ಶನ. ಹಾಲೆಂಡ್ ಆ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಪಶ್ಚಿಮ ಜರ್ಮನಿಗೆ ಸೋತು ಮನೆಗೆ ಹೋಯಿತು. ಆದರೂ ಕಿತ್ತಳೆ ಬಣ್ಣದ ಆ ಅಂಗಿಗಳು ನನ್ನನ್ನು ಬಿಡಲಿಲ್ಲ. ಕರ್ನಾಟಕದ ಕಾಲುಭಾಗದಷ್ಟೂ ವಿಸ್ತಾರವಿಲ್ಲದ ದೇಶ. ನೆಲದಲ್ಲಿ ಸುಮಾರು ಕಾಲುಪಾಲು ಸಮುದ್ರಮಟ್ಟಕ್ಕಿಂತ ಕೆಳಗೆ. ನೀರನ್ನು ಹಿಂದೆ ನೂಕಿ ನೆಲವನ್ನು ಪಡೆದ ಜನ ಆಟದ ಬಯಲಿನಲ್ಲಿಯೂ ಇಲ್ಲದ ಜಾಗವನ್ನು ಹುಟ್ಟಿಸುವುದರಲ್ಲಿ ನಿಪುಣರಾದರೆಂದು ಹೇಳುವವರಿದ್ದಾರೆ. ಅದು ನಿಜವೋ ಚಮತ್ಕಾರದ ಮಾತೋ, ಅವರ ಆಟವನ್ನು ನೋಡುವಾಗ ನನಗೆ ನೆನಪಾಗುವುದು ಹಳಗನ್ನಡದ ‘ತೆಱಪು’ ಎಂಬ ಶಬ್ದ. ಎಡೆ, ಬಿಡುವು, ಅವಕಾಶ ಎಂಬೀ ಅರ್ಥಗಳು ಅದರಲ್ಲಿ ಒಟ್ಟಾಗಿವೆ.

ತಾರತಮ್ಯಕ್ಕೆ ಮಾನದಂಡವೊಂದು ಬೇಕಷ್ಟೆ. ನಮ್ಮ ಮಿತ್ರರ ಮಾನದಂಡ ಸಂಖ್ಯೆ. ಸಂಖ್ಯೆಯನ್ನೇ ನೆಚ್ಚುವುದಾದರೆ, ಪುರುಷರ ರಾಷ್ಟ್ರತಂಡಕ್ಕೆ ಅತ್ಯಧಿಕ ಗೋಲುಗಳನ್ನು ತಂದವರ ಸಾಲಿನಲ್ಲಿ ರಾಬಿನ್ ವಾನ್ ಪರ್ಸಿಯ ೫೦ ಗೋಲುಗಳನ್ನು ೨೦೨೫ರಲ್ಲಿ ದಾಟಿದ ಮೆಂಫಿಸ್ ಡಿಪೈ ಮುಂದೆ ನಿಲ್ಲುತ್ತಾನೆ. ವೆಸ್ಲಿ ಸ್ನೈಡರ್ ಆಡಿದ್ದು ೧೩೪ ಪಂದ್ಯಗಳನ್ನು. ಯೋಹಾನ್ ಕ್ರಾಯ್ಫನ ಲೆಕ್ಕವಾದರೋ ೪೮ ಪಂದ್ಯ, ೩೩ ಗೋಲು. ಮಾರ್ಕೊ ವಾನ್ ಬಾಸ್ಟನ್ನನದು ೫೮ ಪಂದ್ಯ, ೨೪ ಗೋಲು. ಕವಿಯನ್ನು ಪದ್ಯಗಳ ಸಂಖ್ಯೆಯಿಂದ ತೂಗುವವರುಂಟೆ? ಮಮ್ಮಟನು ಕಾವ್ಯಪ್ರಕಾಶದಲ್ಲಿ ಕಾವ್ಯವನ್ನು ಮೂರು ತರಗತಿಗಳಾಗಿ ವಿಂಗಡಿಸಿದ್ದಾನೆ. ಹೇಳಿದುದಕ್ಕಿಂತ ಹೊಳೆಯಿಸಿದ ಅರ್ಥವೇ ಮಿಗಿಲಾಗಿರುವುದು ಉತ್ತಮ. ಹೊಳೆಯಿಸಿದ ಅರ್ಥವಿದ್ದೂ ಅದು ವಾಚ್ಯಾರ್ಥಕ್ಕೆ ಅಡಿಯಾಳಾಗಿರುವುದು ಮಧ್ಯಮ. ಕೇವಲ ಶಬ್ದಾರ್ಥಗಳ ಬೆಡಗಿರುವುದು ಮೂರನೆಯದು. ನನ್ನ ಕೈಯಲ್ಲಿರುವ ತಕ್ಕಡಿ ಇದೊಂದೇ. ಗೋಲು ವಾಚ್ಯಾರ್ಥ. ಆಟಗಾರನು ಇತರರಿಗಾಗಿ ತೆರೆದ ತೆಱಪು ವ್ಯಂಗ್ಯಾರ್ಥ.

ಈ ತಕ್ಕಡಿಯಲ್ಲಿ ಕ್ರಾಯ್ಫನಿಗೆ ಸಮನಾಗಿ ಇಡುವ ಬೊಟ್ಟು ಇಲ್ಲ. ೧೯೬೫ರಲ್ಲಿ ರೀನಸ್ ಮಿಖೆಲ್ಸ್ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ತಂಡದ ತರಬೇತಿಯನ್ನು ವಹಿಸಿಕೊಂಡನು. ಆಧುನಿಕವೆಂದು ನಾನು ಕರೆಯುವ ಕಾಲ ಅಲ್ಲಿಂದ ಆರಂಭ. ಆ ತಂಡ ೧೯೭೧, ೧೯೭೨, ೧೯೭೩, ಹೀಗೆ ಸತತ ಮೂರು ವರ್ಷ ಯೂರೋಪಿನ ಕಪ್ಪನ್ನು ಗೆದ್ದಿತು. ‘ಟೋಟಲ್ ಫುಟ್‌ಬಾಲ್’ ಎಂದು ಹೆಸರಾದ ಅವರ ಕ್ರಮದಲ್ಲಿ ಯಾರಿಗೂ ಕಟ್ಟಿಟ್ಟ ಸ್ಥಾನವಿಲ್ಲ. ಹಿಂದಿನವನು ಮುಂದೆ ನುಗ್ಗಿದರೆ ಮುಂದಿನವನು ಹಿಂದೆ ಸರಿದು ಆ ಎಡೆಯನ್ನು ತುಂಬಬೇಕು. ಕ್ರಾಯ್ಫನು ಹೆಸರಿಗೆ ಮುಂಚೂಣಿಯ ನಡುವಿನ ಆಟಗಾರ; ಆದರೆ ಆಟ ಮೊದಲಾದೊಡನೆ ನಡುಮೈದಾನಕ್ಕೆ ಇಳಿದುಬಿಡುವನು. ಕಾವಲಿಗೆ ನಿಂತ ಎದುರಾಳಿಗೆ ಉಭಯಸಂಕಟ. ಬೆನ್ನು ಹತ್ತಿದರೆ ಹಿಂದೆ ಬಯಲು ಬರಿದಾಗಿ ಮತ್ತೊಬ್ಬ ಅಲ್ಲಿಗೆ ನುಗ್ಗುವನು. ನಿಂತಲ್ಲಿಯೇ ನಿಂತರೆ ಕ್ರಾಯ್ಫನು ತಡೆಯಿಲ್ಲದೆ ಚೆಂಡನ್ನು ಪಡೆಯುವನು. ಚೆಂಡು ಕಾಲಲ್ಲಿರುವಾಗಲೂ ಕೈ ನೀಡಿ ‘ನೀನು ಅತ್ತ ಹೋಗು, ನೀನು ಇತ್ತ ಬಾ’ ಎಂದು ಸೂಚಿಸುತ್ತಿರುವುದನ್ನು ಹಳೆಯ ಚಿತ್ರಗಳಲ್ಲಿ ಇಂದಿಗೂ ಕಾಣಬಹುದು.

೧೯೭೪ರ ವಿಶ್ವಕಪ್ಪಿನ ಅಂತಿಮ ಪಂದ್ಯ ಮ್ಯೂನಿಕ್ ನಗರದಲ್ಲಿ. ಹಾಲೆಂಡಿನವರು ಆಟ ಆರಂಭಿಸಿ ಚೆಂಡನ್ನು ತಮ್ಮತಮ್ಮಲ್ಲಿಯೇ ಸಾಗಿಸುತ್ತಿದ್ದರು, ಕ್ರಾಯ್ಫನು ಹಿಂದಿನಿಂದ ಓಡಿಬಂದು ದಂಡೆಯೊಳಗೆ ಹೊಕ್ಕನು, ಜರ್ಮನರು ಕೆಡವಿದರು, ಎರಡನೆಯ ನಿಮಿಷದಲ್ಲಿ ನೇಸ್ಕೆನ್ಸ್ ಪೆನಾಲ್ಟಿಯನ್ನು ಗೋಲಾಗಿಸಿದನು. ಆ ಪಂದ್ಯದಲ್ಲಿ ಚೆಂಡನ್ನು ಮುಟ್ಟಿದ ಮೊದಲ ಜರ್ಮನನು ಅದನ್ನು ಬಲೆಯೊಳಗಿನಿಂದ ಎತ್ತಿಕೊಂಡ ಗೋಲ್‌ಕೀಪರ್! ಕೊನೆಗೆ ಗೆದ್ದವರು ಜರ್ಮನರೇ, ೨–೧ರಿಂದ. ೧೯೭೮ರ ವಿಶ್ವಕಪ್ಪಿಗೆ ಕ್ರಾಯ್ಫನು ಹೋಗಲಿಲ್ಲ. ಅದನ್ನು ನಮ್ಮ ಮಿತ್ರರು ಅವನ ಖಾತೆಯಲ್ಲಿ ದೊಡ್ಡ ಖರ್ಚಾಗಿ ಬರೆಯುತ್ತಾರೆ. ಹಿಂದಿನ ವರ್ಷ ಬಾರ್ಸಿಲೋನದ ತನ್ನ ಮನೆಗೆ ಶಸ್ತ್ರಧಾರಿಗಳು ನುಗ್ಗಿ ಅಪಹರಣಕ್ಕೆ ಯತ್ನಿಸಿದ್ದೇ ಕಾರಣವೆಂದು ೨೦೦೮ರಲ್ಲಿ ಅವನೇ ಬಾಯಿಬಿಟ್ಟನು. ಹೆಂಡತಿ ಮಕ್ಕಳ ಮುಂದೆ ಅಂಥದನ್ನು ಕಂಡ ಗೃಹಸ್ಥನಿಗೆ ಅಂಕ ಕಳೆಯಲು ನನಗೆ ಕೈ ಬಾರದು.

ಅವನ ಧ್ವನಿ ಆಟದೊಡನೆ ಮುಗಿಯಲೂ ಇಲ್ಲ. ೧೯೮೮ರಿಂದ ೧೯೯೬ರವರೆಗೆ ಬಾರ್ಸಿಲೋನ ತಂಡಕ್ಕೆ ಗುರುವಾಗಿ ತನ್ನ ಆಟದ ವ್ಯಾಕರಣವನ್ನು ಅಲ್ಲಿ ನಾಟಿಮಾಡಿದನು. ೧೯೯೨ರಲ್ಲಿ ಆ ತಂಡಕ್ಕೆ ಮೊಟ್ಟಮೊದಲ ಯೂರೋಪ್ ಕಪ್ ಬಂತು. ಅದರ ಫಲವನ್ನು ಉಂಡವರಲ್ಲಿ ಸ್ಪೇನ್ ದೇಶದವರು ಮುಖ್ಯರು. ೨೦೧೦ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸ್ಪೇನಿನ ಪರವಾಗಿ ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬಾರ್ಸಿಲೋನದವರು. ಎದುರಾಳಿ ಹಾಲೆಂಡ್! ಇನಿಯೆಸ್ಟಾ ೧೧೬ನೆಯ ನಿಮಿಷದಲ್ಲಿ ಹೊಡೆದ ಒಂದೇ ಗೋಲಿನಿಂದ ಸ್ಪೇನ್ ಗೆದ್ದಿತು. ಗುರು ಕಲಿಸಿದ ವಿದ್ಯೆ ಗುರುವಿನ ತವರನ್ನೇ ಸೋಲಿಸಿತು. ಅಂದು ಒರಟಾಗಿ ಆಡಿದ ತನ್ನ ದೇಶದವರನ್ನು ಕ್ರಾಯ್ಫನು ಬಹಿರಂಗವಾಗಿಯೇ ಖಂಡಿಸಿದನು. ಇಷ್ಟು ದೂರಕ್ಕೆ ಅನುರಣನ ಹೋದ ಆಟ ಮತ್ತೊಬ್ಬನದಿಲ್ಲ.

ಕವಿಗಳನ್ನೆಣಿಸಲು ಹೊರಟವರು ಕಿರುಬೆರಳಿಗೆ ಕಾಳಿದಾಸನನ್ನಿಟ್ಟು, ಅವನಿಗೆ ಸಮನಾದವನು ಸಿಗದೆ ಮುಂದಿನ ಬೆರಳು ‘ಅನಾಮಿಕೆ’ಯಾಗಿಯೇ ಉಳಿಯಿತೆಂಬ ಪ್ರತೀತಿ ನಮ್ಮಲ್ಲಿದೆ. ಕ್ರಾಯ್ಫನನ್ನು ಕಿರುಬೆರಳಿಗೆ ಇಟ್ಟ ಮೇಲೆ ಹಾಗೆಯೇ ಕೈಬಿಡೋಣವೆಂದು ನಮ್ಮ ಇಂಜಿನಿಯರ್ ಮಹನೀಯರ ಸೂಚನೆ. ನಾನು ಒಪ್ಪಲಿಲ್ಲ. ಆ ಬೆರಳಿಗೆ ವಾನ್ ಬಾಸ್ಟನ್ ಇದ್ದಾನೆ. ೧೯೮೨ರ ಏಪ್ರಿಲ್ ತಿಂಗಳಲ್ಲಿ ಅಯಾಕ್ಸ್ ತಂಡದ ಪಂದ್ಯವೊಂದರ ನಡುವೆ ಕ್ರಾಯ್ಫನು ಹೊರಬಂದಾಗ ಅವನ ಬದಲಿಗೆ ಒಳಹೊಕ್ಕ ಹದಿನೇಳು ವರ್ಷದ ಹುಡುಗ ಇವನು; ಆ ಮೊದಲ ಪಂದ್ಯದಲ್ಲಿಯೇ ಗೋಲು ಗಳಿಸಿದನು. ಪುರಾಣಕಾರರು ಕಟ್ಟಿದರೂ ಇದಕ್ಕಿಂತ ಚೆನ್ನಾಗಿ ಕಟ್ಟಲಾರರು.

೧೯೮೮ರ ಯೂರೋಪ್ ಚಾಂಪಿಯನ್‌ಷಿಪ್ಪಿನ ಮೊದಲ ಪಂದ್ಯದಲ್ಲಿ ಅವನನ್ನು ಆರಂಭಕ್ಕೆ ಇಳಿಸಲೇ ಇಲ್ಲ. ಅನಂತರ ಇಂಗ್ಲೆಂಡಿನ ಮೇಲೆ ಮೂರು ಗೋಲು. ಪಶ್ಚಿಮ ಜರ್ಮನಿಯ ಮೇಲೆ ಕೊನೆಯ ನಿಮಿಷಗಳಲ್ಲಿ ಒಂದು. ಅಂತಿಮ ಪಂದ್ಯದಲ್ಲಿ ಸೋವಿಯತ್ ತಂಡದ ಮೇಲೆ ಹೊಡೆದ ಆ ಗೋಲು. ಎಡದಂಡೆಯಿಂದ ಮ್ಯೂರೆನ್ ಎತ್ತರವಾಗಿ ಕಳುಹಿದ ಚೆಂಡು ಇಡೀ ಅಂಗಣವನ್ನು ದಾಟಿ ಬಲಮೂಲೆಯ ಕಡೆಗೆ ಇಳಿಯುತ್ತಿದೆ. ಗೋಲು ಕಣ್ಣಿಗೆ ಕಾಣುವುದೇ ಕಷ್ಟವಾದ ಆ ಕಿರಿದಾದ ಕೋನದಿಂದ, ಚೆಂಡು ನೆಲ ಮುಟ್ಟುವ ಮೊದಲೇ ಒದ್ದನು. ದಸಾಯೆವ್‌ನಂಥ ಗೋಲ್‌ಕೀಪರನ ತಲೆಯ ಮೇಲಿಂದ ಅದು ದೂರದ ಮೂಲೆಗೆ ಹೋಗಿ ಬಿದ್ದಿತು. ಗುರುವಾಗಿ ಪಕ್ಕದಲ್ಲಿ ಕುಳಿತಿದ್ದವನು ಅದೇ ಮಿಖೆಲ್ಸ್. ಕ್ರೀಡಾಂಗಣ ೧೯೭೪ರಲ್ಲಿ ಸೋತ ಅದೇ ಮ್ಯೂನಿಕ್ಕಿನದು. ಹಾಲೆಂಡಿನ ಪುರುಷರು ದೊಡ್ಡ ಕಪ್ಪೊಂದನ್ನು ಗೆದ್ದಿರುವುದು ಆ ಒಂದೇ ಸಲ. ಐದು ವರ್ಷಗಳ ಅನಂತರ, ೧೯೯೩ರ ಮೇ ತಿಂಗಳಲ್ಲಿ, ವಾನ್ ಬಾಸ್ಟನ್ ತನ್ನ ಕೊನೆಯ ಪಂದ್ಯವನ್ನು ಆಡಿದ್ದೂ ಆ ಕ್ರೀಡಾಂಗಣದಲ್ಲಿಯೇ. ಕಾಲಿನ ಹರಡು ಸವೆದುಹೋಗಿತ್ತು. ವಯಸ್ಸು ಇಪ್ಪತ್ತೆಂಟು. ಶಸ್ತ್ರಚಿಕಿತ್ಸೆಗಳು ಫಲಿಸದೆ ೧೯೯೫ರಲ್ಲಿ ವಿದಾಯ ಹೇಳಿದನು.

‘ಇಪ್ಪತ್ತೆಂಟಕ್ಕೇ ಮುಗಿದವನನ್ನು ಎರಡನೆಯವನೆಂದು ಹೇಗೆ ಕೂರಿಸುತ್ತೀರಿ, ಪಂಡಿತರೆ?’ ಎಂದು ಮಿತ್ರರು ಕೇಳಿದರು. ಉತ್ತರವಾಗಿ ನಾನು ಅವರಿಗೆ ನಮ್ಮ ಪಾಠಶಾಲೆಯ ಸಹಪಾಠಿಯೊಬ್ಬರ ವಿಷಯವನ್ನು ಹೇಳಿದೆ. ನಮ್ಮ ತರಗತಿಯಲ್ಲಿದ್ದವರು ಹನ್ನೊಂದು ಮಂದಿ. ಗುರುಗಳು ಪದ್ಯವನ್ನು ಪೂರ್ತಿ ಓದುವ ಮೊದಲೇ ಅನ್ವಯ ಮಾಡಿ ಮುಗಿಸುತ್ತಿದ್ದವರು ಅವರೊಬ್ಬರೇ. ನಾವು ಅರ್ಥವನ್ನು ಹುಡುಕುತ್ತಿದ್ದೆವು. ಅರ್ಥ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಮೂರನೆಯ ವರ್ಷ ಅವರ ತಂದೆಯವರು ತೀರಿಕೊಂಡರು. ಹೊಲಮನೆ ನೋಡಿಕೊಳ್ಳಲು ಊರಿಗೆ ಹೋದವರು ಮರಳಲಿಲ್ಲ. ವಿದ್ವತ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ನನಗೆ ಬಂತು. ಆ ಪ್ರಶಸ್ತಿಪತ್ರ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಇಂದಿಗೂ ಇದೆ. ಅದರಲ್ಲಿ ಬರೆದಿರುವುದು ಸುಳ್ಳಲ್ಲ. ಆದರೆ ತರಗತಿಯಲ್ಲಿ ಪ್ರಥಮರು ಯಾರೆಂಬುದು ಗುರುಗಳಿಗೂ ಗೊತ್ತಿತ್ತು, ಮಿಕ್ಕ ಹತ್ತು ಮಂದಿಗೂ ಗೊತ್ತಿತ್ತು. ಎಷ್ಟು ಕಾಲ ಇದ್ದರು ಎಂಬುದನ್ನು ಅಳೆಯುವುದು ಹಾಜರಿ ಪುಸ್ತಕದ ಕೆಲಸ. ನಮ್ಮ ಮಿತ್ರರು ಇದಕ್ಕೆ ಏನೂ ಹೇಳಲಿಲ್ಲ. ಒಪ್ಪಿದರೆಂದೂ ನಾನು ತಿಳಿಯುವುದಿಲ್ಲ.

ಮೂರನೆಯವನು ಡೆನ್ನಿಸ್ ಬರ್ಗ್‌ಕಾಂಪ್. ೧೯೯೮ರ ಜುಲೈ ೪ರಂದು ಮಾರ್ಸೆ ನಗರದಲ್ಲಿ ಅರ್ಜೆಂಟೀನದ ಮೇಲೆ ಅವನು ಹೊಡೆದ ಗೋಲನ್ನು ನಾನು ಕಣ್ಣಾರೆ ದೂರದರ್ಶನದಲ್ಲಿ ಕಂಡೆ. ಪಂದ್ಯ ಸಮವಾಗಿ ಮುಗಿಯುವುದರಲ್ಲಿತ್ತು. ಫ್ರಾಂಕ್ ಡಿ ಬೂರ್ ಬಹು ದೂರದಿಂದ ಎಸೆದಂತೆ ಕಳುಹಿದ ಚೆಂಡನ್ನು ಬರ್ಗ್‌ಕಾಂಪ್ ನೆಗೆದು ಬಲಗಾಲಿನ ತುದಿಯಲ್ಲಿ ಇಳಿಸಿಕೊಂಡನು. ಎರಡನೆಯ ಸ್ಪರ್ಶದಲ್ಲಿ ಅಯಾಲನ ಕಾಲುಗಳ ನಡುವೆ ದಾಟಿಸಿದನು. ಮೂರನೆಯದರಲ್ಲಿ ಪಾದದ ಹೊರಬದಿಯಿಂದ ಬಲೆಗೆ ಸೇರಿಸಿದನು. ಮೂರೂ ಒಂದೇ ಕಾಲು. ತ್ರಿಪದಿಯ ಮೂರು ಸಾಲುಗಳಂತೆ ಒಂದರಿಂದೊಂದು ಹುಟ್ಟಿದವು ಎಂದರೆ ವಾಚಕರು ಪಂಡಿತನ ಚಪಲವೆಂದು ಮನ್ನಿಸಬೇಕು. ಆದರೂ ಅವನನ್ನು ಇಲ್ಲಿ ಕೂರಿಸಿದ್ದು ಆ ಗೋಲಿಗಾಗಿ ಮಾತ್ರವಲ್ಲ. ೧೯೯೫ರಿಂದ ಹನ್ನೊಂದು ವರ್ಷ ಲಂಡನ್ನಿನ ಆರ್ಸೆನಲ್ ತಂಡದಲ್ಲಿ ಇತರರು ಗೋಲು ಹೊಡೆಯುವಂತೆ ಅವನು ತೆರೆದ ದಾರಿಗಳು ಅಸಂಖ್ಯ. ವಿಮಾನವೇರಲು ಹೆದರುತ್ತಿದ್ದನೆಂಬುದು ಪ್ರಸಿದ್ಧ. ಚೆಂಡನ್ನು ಹಾರಿಸುವಾಗ ಮಾತ್ರ ಅಂಥ ಭಯವಿರಲಿಲ್ಲ.

ನಾಲ್ಕು, ಐದರಲ್ಲಿ ದೊಡ್ಡ ಜಗಳ. ಫ್ರಾಂಕ್ ರೈಕಾರ್ಡ್, ರೂಡ್ ಗುಲ್ಲಿಟ್ ಇಬ್ಬರೂ ೧೯೬೨ರ ಸೆಪ್ಟೆಂಬರ್ ತಿಂಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿದವರು. ಇಬ್ಬರ ತಂದೆಯರೂ ಸುರಿನಾಮಿನವರು. ವಾನ್ ಬಾಸ್ಟನ್ನನೊಡನೆ ಇಬ್ಬರೂ ಮಿಲಾನ್ ತಂಡದಲ್ಲಿ ೧೯೮೯, ೧೯೯೦ರ ಯೂರೋಪ್ ಕಪ್ಪುಗಳನ್ನು ಗೆದ್ದರು. (ಇಲ್ಲೊಂದು ಉಪಕಥೆ. ಗುಲ್ಲಿಟ್ ಎಂಬ ಹೆಸರನ್ನು ಡಚ್ಚರು ಹೇಳುವಂತೆ ನಮ್ಮ ಇಂಜಿನಿಯರರು ಹೇಳಿ ತೋರಿಸಿದರು. ಕೇಶಿರಾಜನು ಯೋಗವಾಹಗಳಲ್ಲಿ ಎಣಿಸಿದ, ನಮ್ಮ ಬಾಯಿಂದ ಎಂದೋ ಜಾರಿಹೋದ ಜಿಹ್ವಾಮೂಲೀಯವು ಆ ಹೆಸರಿನ ಮೊದಲಲ್ಲಿ ಜೀವಂತವಾಗಿ ಕೇಳಿಸಿತು. ಮೂವತ್ತು ವರ್ಷ ಪಾಠ ಹೇಳಿದ ವರ್ಣವನ್ನು ನಾನು ಮೊದಲು ಕೇಳಿದ್ದು ಒಬ್ಬ ಕಾಲ್ಚೆಂಡಿಗನ ಹೆಸರಿನಲ್ಲಿ.) ಗುಲ್ಲಿಟ್ ೧೯೮೭ರಲ್ಲಿ ತನಗೆ ಬಂದ ‘ಚಿನ್ನದ ಚೆಂಡು’ ಪ್ರಶಸ್ತಿಯನ್ನು, ಆಗಿನ್ನೂ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರಿಗೆ ಅರ್ಪಿಸಿದನು. ರೈಕಾರ್ಡನಾದರೋ ೧೯೯೦ರ ಪಂದ್ಯದಲ್ಲಿ ಜರ್ಮನಿಯ ಫ್ಯೋಲರನ ಮೇಲೆ ಉಗುಳಿ ಹೊರಹಾಕಿಸಿಕೊಂಡವನು. ಆ ಹೇಸಿಕೆಯನ್ನು ನಾನೂ ಕಂಡೆ. ಶೀಲಕ್ಕೆ ಅಂಕವಿದ್ದರೆ ಗುಲ್ಲಿಟ್ ಮುಂದು. ಆಟಕ್ಕೆ ಮಾತ್ರವಾದರೆ ನನ್ನ ಮತ ರೈಕಾರ್ಡನಿಗೆ. ೧೯೯೫ರಲ್ಲಿ ವಿಯೆನ್ನಾದಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಅವನು ಅಯಾಕ್ಸ್ ತಂಡದ ಹುಡುಗರ ನಡುವೆ ಹಿರಿಯಣ್ಣನಂತೆ ನಿಂತು, ಹದಿನೆಂಟರ ಕ್ಲೈವರ್ಟನಿಗೆ ಕೊಟ್ಟ ಚೆಂಡು ಕಪ್ಪನ್ನೇ ತಂದಿತು. ಗುಲ್ಲಿಟ್ಟನ ಅಭಿಮಾನಿಗಳು ಕೋಪಿಸಿಕೊಳ್ಳಲಿ. ಐದನೆಯ ಸ್ಥಾನವೇನೂ ಅಪಮಾನದ್ದಲ್ಲ.

ಉಳಿದವರ ವಿಷಯದಲ್ಲಿ ಬೇಗ ಬೇಗ ಹೇಳಿ ಮುಗಿಸುತ್ತೇನೆ. ಆರನೆಯವನು ಆರ್ಯೆನ್ ರಾಬೆನ್. ಬಲದಂಡೆಯಿಂದ ಒಳಗೆ ತಿರುಗಿ ಎಡಗಾಲಲ್ಲಿ ಹೊಡೆಯುವನು, ಅದೊಂದೇ ವರಸೆ, ಬರುತ್ತದೆಂದು ಎಲ್ಲರಿಗೂ ಗೊತ್ತು, ತಡೆದವರು ವಿರಳ. ಮಮ್ಮಟನ ತಕ್ಕಡಿಯಲ್ಲಿ ಇದು ಮಧ್ಯಮವೇ ಸರಿ, ಆದರೆ ಮಧ್ಯಮಗಳಲ್ಲಿ ಅತ್ಯುತ್ತಮ. ಅನಂತರ ೧೯೭೪ರ ನೇಸ್ಕೆನ್ಸ್ ಮತ್ತು ಕ್ರೋಲ್. ಆಮೇಲೆ ಗೋಲ್‌ಕೀಪರ್ ವಾನ್ ಡರ್ ಸಾರ್. ಮೂರು ಬೇರೆ ಬೇರೆ ತಂಡಗಳೊಡನೆ ಯೂರೋಪಿನ ಅತ್ಯುನ್ನತ ಕಪ್ಪನ್ನು ಗೆದ್ದ ಸೇಡೋರ್ಫ್ ಹತ್ತನೆಯವನು. ಸ್ನೈಡರ್ ಮತ್ತು ವಾನ್ ಡೈಕ್ ಹೊಸ್ತಿಲ ಹೊರಗೆ ಉಳಿದರು. ವಾನ್ ಡೈಕನಿಗಾಗಿ ನಮ್ಮ ಇಂಜಿನಿಯರರು ಬಹಳ ಹೊತ್ತು ವಾದಿಸಿದರು. ೨೦೧೯ರಲ್ಲಿ ಚಿನ್ನದ ಚೆಂಡು ಅವನ ಕೈತಪ್ಪಿ ಮೆಸ್ಸಿಗೆ ಹೋದದ್ದು ಏಳೇ ಅಂಕಗಳಿಂದ ಎಂದರು. ಮತ್ತೆ ಸಂಖ್ಯೆ!

ಅಷ್ಟರಲ್ಲಿ ಮೂಲೆಯಲ್ಲಿ ಕುಳಿತು ನಮ್ಮ ಮಾತುಗಳನ್ನೆಲ್ಲ ಕೇಳುತ್ತಿದ್ದ ಅವರ ಮಗಳು, ಹದಿಮೂರು ವರ್ಷದ ಹುಡುಗಿ, ‘ಅಜ್ಜಾರೆ, ನಿಮ್ಮ ಪಟ್ಟಿಯಲ್ಲಿ ಮೀಡೆಮಾ ಎಲ್ಲಿ?’ ಎಂದು ಕೇಳಿದಳು. ವಿವಿಯನ್ ಮೀಡೆಮಾ ತನ್ನ ದೇಶಕ್ಕೆ ತಂದ ಗೋಲುಗಳು ತೊಂಬತ್ತಕ್ಕೂ ಮೇಲು. ಯಾವ ಗಂಡಸೂ ಅದರ ಹತ್ತಿರ ಸುಳಿದಿಲ್ಲ. ೨೦೧೭ರಲ್ಲಿ ಹಾಲೆಂಡಿನ ಮಹಿಳೆಯರು ಯೂರೋಪ್ ಚಾಂಪಿಯನ್‌ಷಿಪ್ಪನ್ನು ಗೆದ್ದಾಗ ಅಂತಿಮ ಪಂದ್ಯದ ನಾಲ್ಕು ಗೋಲುಗಳಲ್ಲಿ ಎರಡು ಆಕೆಯವೇ. ಗಂಡಸರಿಗೆ ದೊಡ್ಡ ಕಪ್ ಒಂದೇ ಆದರೆ ಹೆಂಗಸರಿಗೂ ಒಂದು ಎಂದು ಹುಡುಗಿ ಬೆರಳು ಮಡಿಸಿ ತೋರಿಸಿದಳು. ನಾನು ಆಕೆಯ ಆಟವನ್ನು ಪೂರ್ತಿಯಾಗಿ ನೋಡಿರುವುದು ೨೦೧೯ರ ವಿಶ್ವಕಪ್ಪಿನ ಅಂತಿಮ ಪಂದ್ಯವೊಂದನ್ನೇ. ಅಂದು ಅಮೆರಿಕದವರು ೨–೦ರಿಂದ ಗೆದ್ದರು. ಒಂದು ಪದ್ಯವನ್ನೋದಿ ಕವಿಗೆ ಸ್ಥಾನ ಕೊಡುವ ಪದ್ಧತಿ ನಮ್ಮಲ್ಲಿಲ್ಲವೆಂದು ಹುಡುಗಿಗೆ ಹೇಳಿದೆ. ಊರಿಗೆ ಹಿಂದಿರುಗಿದ ಮೇಲೆ ಆಕೆ ಇಪ್ಪತ್ತು ಪಂದ್ಯಗಳ ಹೆಸರುಗಳನ್ನು ಬರೆದು ತಂದೆಯ ಮೂಲಕ ಕಳುಹಿಸಿದ್ದಾಳೆ. ಇದುವರೆಗೆ ಆರನ್ನು ನೋಡಿದ್ದೇನೆ.