ಅಥೆನ್ಸಿನ ಅಮೃತಶಿಲೆಯ ಕ್ರೀಡಾಂಗಣ

ಅಥೆನ್ಸ್ ನಗರದ ಪುರಾತನ ಕ್ರೀಡಾಂಗಣವನ್ನು ನಾವು ಕಂಡುದು ಸುಡುಬಿಸಿಲಿನಲ್ಲಿ. ಆಸನದ ಮೇಲೆ ಕುಳಿತೊಡನೆ ಅಮೃತಶಿಲೆಯ ಕಾವು ಪಂಚೆಯನ್ನು ದಾಟಿ ಬಂದಿತು! ೧೮೯೬ರಲ್ಲಿ ಮರಾಥಾನ್ ಗ್ರಾಮದಿಂದ ಸುಮಾರು ೨೫ ಮೈಲಿ ಓಡಿಬಂದು ಇಲ್ಲಿ ಮೊದಲಿಗನಾಗಿ ಗುರಿಮುಟ್ಟಿದವನು, ಮರೂಸಿಯ ನೀರು ಹೊರುವವನಾದ ಸ್ಪಿರಿಡಾನ್ ಲೂಯಿಸನು. ಕಡೆಯ ಕೆಲವು ಮಾರು ದೂರ ರಾಜಕುಮಾರರಿಬ್ಬರು ಅವನೊಡನೆ ಓಡಿದರು. ಆ ಬಳಿಕ ಆತನು ಪಂದ್ಯದಲ್ಲಿ ಓಡಲೇ ಇಲ್ಲ. ೧೯೨೬ರಲ್ಲಿ ಸುಳ್ಳು ದಸ್ತಾವೇಜಿನ ಆರೋಪಕ್ಕೆ ಸಿಲುಕಿ, ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದು, ಕಡೆಗೆ ನಿರ್ದೋಷಿಯೆನಿಸಿದನು. ೧೯೩೬ರಲ್ಲಿ ಬರ್ಲಿನ್ ಕ್ರೀಡೋತ್ಸವಕ್ಕೆ ಅತಿಥಿಯಾಗಿ ಹೋದಾಗ ಆತನಿಗೆ ೬೩ ವರ್ಷ, ಹೆಚ್ಚುಕಡಮೆ ನಮ್ಮ ಪ್ರಾಯ. ಅಂದಿನ ಪುಷ್ಪವೃಷ್ಟಿಯೂ ಜನರ ಕೂಗೂ ಕನಸಿನಂತೆ ತೋರುವುವೆಂದು ಆಗ ನೆನೆದನಂತೆ. ನಾವೂ ಎದ್ದು ಓಟದ ಹಾದಿಯಲ್ಲಿ ಒಂದು ಸುತ್ತು ನಡೆದೆವು. ನಡುವೆ ಎರಡು ಬಾರಿ ನಿಂತು ದಣಿವಾರಿಸಿಕೊಳ್ಳಬೇಕಾಯಿತು.