ಮಲ್ಲೇಶ್ವರದಲ್ಲಿ ಕಾಲುನಡಿಗೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಲ್ಲೇಶ್ವರದ ಹೆಸರನ್ನು ಕೇಳದ ಗೃಹಸ್ಥರು ನಮ್ಮ ನಾಡಿನಲ್ಲಿ ವಿರಳರು. ಅಲ್ಲಿಯ ಹೂವಿನ ಅಂಗಡಿಗಳನ್ನೂ ದೇವಾಲಯಗಳನ್ನೂ ಬೆಣ್ಣೆದೋಸೆಯನ್ನೂ ಕುರಿತು ಬಲ್ಲವರು ಸಾಕಷ್ಟು ಬರೆದಿರುವರು. ನಾವಾದರೋ ಅಲ್ಲಿಯ ಬೀದಿಗಳನ್ನು ಕುರಿತು ಮಾತ್ರ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಒಂದು ಊರಿನ ಗುಣಾವಗುಣಗಳನ್ನು ತಿಳಿಯಬೇಕಾದರೆ, ಅದರ ದೊಡ್ಡ ಕಟ್ಟಡಗಳನ್ನು ನೋಡುವುದಕ್ಕಿಂತ, ಅದರ ಬೀದಿಯನ್ನು ಒಬ್ಬ ವೃದ್ಧನು ಹೇಗೆ ದಾಟುತ್ತಾನೆಂಬುದನ್ನು ನೋಡುವುದು ಮೇಲೆಂದು ನಮ್ಮ ಅಭಿಪ್ರಾಯ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆಗಿನ ಪೇಟೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದು, ಗಾಳಿ ಬೆಳಕುಗಳಿಗೆ ಎಡೆಯಿಲ್ಲದೆ, ರೋಗವು ಕೇರಿಯಿಂದ ಕೇರಿಗೆ ಹಬ್ಬಿತು. ಈ ಅನುಭವದ ಫಲವಾಗಿ ಪೇಟೆಯ ಹೊರಗೆ ಬೆಳೆದುನಿಂತ ಬಡಾವಣೆಗಳಲ್ಲಿ ಮಲ್ಲೇಶ್ವರವೂ ಬಸವನಗುಡಿಯೂ ಮುಖ್ಯವಾದುವು. ಮೊದಲನೆಯದಕ್ಕೆ ಅಲ್ಲಿಯ ಪ್ರಾಚೀನ ಕಾಡುಮಲ್ಲೇಶ್ವರನ ಗುಡಿಯಿಂದ ಹೆಸರು ಬಂದಿತು. ಉದ್ದನೆಯ ಮುಖ್ಯರಸ್ತೆಗಳು, ಅವುಗಳನ್ನು ನೇರವಾಗಿ ಕತ್ತರಿಸುವ ಅಡ್ಡರಸ್ತೆಗಳು, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯಕ್ಕೆಂದು ಬಿಟ್ಟ ಸಣ್ಣ ಗಲ್ಲಿಗಳು, ಇಷ್ಟೇ ಅದರ ವಿನ್ಯಾಸ. ನಡೆದು ಹೋಗತಕ್ಕವನ ಅಳತೆಗೆ ತಕ್ಕಂತೆ ಕಟ್ಟಿದ ಊರು ಅದು. ಜನರು ಅಲ್ಲಿಗೆ ಹೋದುದೇ ಶುದ್ಧವಾದ ಗಾಳಿಗಾಗಿ.

ಕಳೆದ ಶ್ರಾವಣಮಾಸದಲ್ಲಿ ನಾವು ಬಂಧುಗಳ ಮನೆಗೆಂದು ಅಲ್ಲಿಗೆ ಹೋದೆವು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೋ ರೈಲನ್ನು ಹತ್ತಿದರೆ ಮುಂದಿನ ನಿಲ್ದಾಣವೇ ಸಂಪಿಗೆ ರಸ್ತೆಯದು. 2014ರ ಮಾರ್ಚಿಯಲ್ಲಿ ತೆರೆದ ಈ ನಿಲ್ದಾಣವನ್ನು ನಾವು ಕೆಲವೇ ನಿಮಿಷಗಳಲ್ಲಿ, ಮೈಬೆವರದೆ, ತಲಪಿದೆವು. ಅಲ್ಲಿಂದ ಎಂಟನೆಯ ಅಡ್ಡರಸ್ತೆಗೆ ಹದಿನೈದು ನಿಮಿಷದ ನಡಿಗೆಯಷ್ಟೆ. ಆದರೆ ಪ್ರಯಾಣದ ಕಷ್ಟವೆಲ್ಲವೂ ಆ ಹದಿನೈದು ನಿಮಿಷದಲ್ಲಿಯೇ ಅಡಗಿದ್ದಿತು. ಕಾಲುದಾರಿಯ ಮೇಲೆ ದ್ವಿಚಕ್ರ ವಾಹನಗಳು ಸಾಲಾಗಿ ನಿಂತಿದ್ದುವು. ಅವು ಮುಗಿದ ಕಡೆ ವಿದ್ಯುತ್ತಿನ ಪೆಟ್ಟಿಗೆ, ಅದು ಮುಗಿದ ಕಡೆ ಎದ್ದುಬಂದ ಕಲ್ಲುಚಪ್ಪಡಿ. ನಡೆಯುವವರು ವಿಧಿಯಿಲ್ಲದೆ ಮೋಟಾರುಗಳ ನಡುವೆ ಇಳಿಯಬೇಕು.

ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳೆರಡೂ ಏಕಮುಖ ಸಂಚಾರದ ದಾರಿಗಳು. ಇದರಿಂದ ವಾಹನಗಳಿಗೆ ಅನುಕೂಲವಾಯಿತೆಂಬುದು ನಿಜ. ಆದರೆ ತಡೆಯಿಲ್ಲದೆ ಬರುವ ಗಾಡಿಯ ಸಾಲನ್ನು ಭೇದಿಸಿ ಆಚೆಯ ಬದಿಗೆ ಹೋಗುವುದು ಸಾಹಸವೇ ಸರಿ. ವರಮಹಾಲಕ್ಷ್ಮಿಯ ಹಬ್ಬ ಹತ್ತಿರವಾಗಿದ್ದುದರಿಂದ ಅಂಗಡಿಗಳ ಮುಂದೆ ಬಾಳೆಕಂಬ, ಸೇವಂತಿಗೆ, ತಾವರೆಗಳ ರಾಶಿ ಬಿದ್ದಿದ್ದಿತು. ಅಲ್ಲಿ ಕೈಯಲ್ಲಿ ಹೂವಿನ ಪೊಟ್ಟಣವನ್ನು ಹಿಡಿದು ಬಹಳ ಹೊತ್ತಿನಿಂದ ಕಾದುನಿಂತಿದ್ದ ವೃದ್ಧೆಯೊಬ್ಬರು ನಮ್ಮನ್ನು ನೋಡಿ, “ನಲವತ್ತು ವರ್ಷದಿಂದ ಇಲ್ಲೇ ಇದ್ದೇನೆ ಸ್ವಾಮಿ. ಇನ್ನು ಮೇಲೆ ಈ ಬೀದಿ ದಾಟುವುದಕ್ಕೂ ಆಟೋ ಮಾಡಿಕೊಳ್ಳಬೇಕೋ ಏನೋ!” ಎಂದರು. ಸಂಜೆಯ ಹೊತ್ತು ಗುಡಿಗೆ ಹೋಗುವುದನ್ನು ಅವರು ಬಿಟ್ಟು ಎರಡು ವರ್ಷಗಳಾದುವಂತೆ. ಅವರ ಕಾಲುಗಳಿಗೆ ಶಕ್ತಿಯಿದ್ದಿತು. ಬೀದಿಯಲ್ಲಿ ಅವರಿಗೆ ಎಡೆಯಿರಲಿಲ್ಲ.

ಸಂಸ್ಕೃತದಲ್ಲಿ ಬೀದಿಗೆ ‘ರಥ್ಯಾ’ ಎಂದು ಹೆಸರುಂಟು. ರಥವು ಹೋಗುವ ದಾರಿಯೆಂದು ಅರ್ಥ. ಆದರೂ ನಮ್ಮ ಪೂರ್ವಿಕರು ರಥವೊಂದನ್ನೇ ಎಣಿಸಿದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಥಗಳಿಗೆ, ದೊಡ್ಡ ಪಶುಗಳಿಗೆ, ಸಣ್ಣ ಪಶುಗಳಿಗೂ ಮನುಷ್ಯರಿಗೂ ಬೇರೆಬೇರೆ ಪಥಗಳನ್ನು ಹೇಳಿದೆ. ಮನುಷ್ಯರು ನಡೆಯುವ ಪಥಕ್ಕೆ ಅಡ್ಡಿ ಮಾಡಿದವನಿಗೆ 12 ಪಣಗಳ ದಂಡವನ್ನೂ ವಿಧಿಸಿದೆ. ಇಂದಿನ ಸಂಪಿಗೆ ರಸ್ತೆಯಲ್ಲಿ ಆ ದಂಡವನ್ನು ಒಂದು ದಿನ ವಸೂಲು ಮಾಡಿದರೂ ಬೊಕ್ಕಸವು ತುಂಬೀತು!

ರಸ್ತೆಯನ್ನು ಅಗಲಿಸಿದರೆ ಇಕ್ಕಟ್ಟು ತೀರುವುದೆಂದು ಅನೇಕರು ಹೇಳುವರು. ಆದರೆ ಅಗಲವಾದ ದಾರಿಯು ಮೊದಲು ಬರದೆ ಇದ್ದ ವಾಹನಗಳನ್ನೂ ಕರೆಯುತ್ತದೆ; ಕೆಲವು ವರ್ಷಗಳಲ್ಲಿ ಸ್ಥಿತಿಯು ಮೊದಲಿನಂತೆಯೇ ಆಗುತ್ತದೆ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಪಕ್ಕದಲ್ಲಿ ಮೇಲ್ಸೇತುವೆಯನ್ನು ಎತ್ತುವ ಯೋಜನೆಯನ್ನು 2023ರಲ್ಲಿ ಸುತ್ತಣ ನಿವಾಸಿಗಳು ಮಕ್ಕಳು ಸಹಿತ ಬೀದಿಗೆ ಬಂದು ವಿರೋಧಿಸಿದರು. ಹಳೆಯ ಮರಗಳು ಹೋಗುವುವೆಂಬ ಸಂಕಟ ಅವರದು.

ಇಲ್ಲಿ ಒಂದು ಸುಲಭವಾದ ಲೆಕ್ಕವನ್ನು ಮಾಡಿ ನೋಡೋಣ. ನಗರದ ಒಂದು ಬಸ್ಸು ಸುಮಾರು ಮೂರು ಕಾರುಗಳ ಉದ್ದದ್ದು. ಅದರಲ್ಲಿ ಐವತ್ತು ಜನರು ಹೋಗುವರು. ಅದೇ ಐವತ್ತು ಜನರು ಒಬ್ಬೊಬ್ಬರೋ ಇಬ್ಬಿಬ್ಬರೋ ಕಾರಿನಲ್ಲಿ ಹೊರಟರೆ ಕಡಮೆಯೆಂದರೂ ಇಪ್ಪತ್ತೈದು ಕಾರುಗಳು ಬೇಕು. ಆರು ಬಂಡಿಗಳ ಮೆಟ್ರೋ ರೈಲಾದರೆ ಒಂದೇ ಸಲಕ್ಕೆ 1,500ಕ್ಕೆ ಮೇಲ್ಪಟ್ಟು ಜನರನ್ನು ಒಯ್ಯಬಲ್ಲುದು. ಆದುದರಿಂದ ಬೀದಿಯ ಸಾಮರ್ಥ್ಯವನ್ನು ಎಷ್ಟು ಗಾಡಿಗಳು ಹೋದುವೆಂದು ಎಣಿಸದೆ ಎಷ್ಟು ಜನರು ಹೋದರೆಂದು ಎಣಿಸತಕ್ಕದ್ದು.

ಈ ದಿಕ್ಕಿನಲ್ಲಿ ಏನೂ ನಡೆದಿಲ್ಲವೆಂದರೆ ಅನ್ಯಾಯವಾದೀತು. 2023ರ ಜೂನಿನಿಂದ ಶಕ್ತಿ ಯೋಜನೆಯ ಮೂಲಕ ಈ ರಾಜ್ಯದ ಸ್ತ್ರೀಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ. ಮಲ್ಲೇಶ್ವರದ ಹಿಂಬದಿಯ ಗಲ್ಲಿಗಳಲ್ಲಿ ಕೆಲವನ್ನು ಶುಚಿಮಾಡಿ, ಗೋಡೆಗಳಿಗೆ ಚಿತ್ರ ಬರೆದು, ನಡೆಯುವವರಿಗೆ ಒದಗಿಸಿರುವರು. ಮತ್ತೊಂದು ಕಡೆ, 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತ್ಯಧಿಕ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ದೂರದಿಂದ ದಿನವೂ ಬರುವ ಅಲ್ಪವೇತನದವನು ಇಂಥ ಏರಿಕೆಯನ್ನು ಕಂಡು ಮತ್ತೆ ತನ್ನ ಸ್ಕೂಟರನ್ನೇ ಹೊರಡಿಸಿದರೆ ಅವನನ್ನು ದೂರುವುದು ಹೇಗೆ?

ಬಂಧುಗಳ ಮಾತಿನ ಮೇರೆಗೆ ನಾವು ಮರುದಿನ ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಮಹಾತ್ಮಾ ಗಾಂಧಿ ರಸ್ತೆಗೆ ಹೋಗಿ, ಅದರ ಸಮೀಪದ ಚರ್ಚ್ ಸ್ಟ್ರೀಟನ್ನೂ ನೋಡಿ ಬಂದೆವು. 2018ರಲ್ಲಿ ಈ ಬೀದಿಗೆ ಕಲ್ಲು ಹಾಸಿ, ಕಾಲುದಾರಿಯನ್ನು ವಿಸ್ತರಿಸಿ ಹೊಸದಾಗಿ ಮಾಡಿದರು. 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಶನಿವಾರ ಭಾನುವಾರಗಳಲ್ಲಿ ಅಲ್ಲಿ ವಾಹನಗಳನ್ನು ನಿಷೇಧಿಸಿ ಪ್ರಯೋಗ ಮಾಡಿದರು. ಆ ದಿನಗಳಲ್ಲಿ ಅಲ್ಲಿಯ ಗಾಳಿಯು ಶುದ್ಧವಾಯಿತೆಂದು ಪರೀಕ್ಷೆಯಿಂದ ಕಂಡುಬಂದಿತು. ಪ್ರಯೋಗವು ಮುಗಿದೊಡನೆ ವಾಹನಗಳು ಮರಳಿದುವು. ಆದರೂ ಪುಸ್ತಕದ ಅಂಗಡಿಯಿಂದ ಪುಸ್ತಕದ ಅಂಗಡಿಗೆ ನಾವು ಹೆಜ್ಜೆ ನೋಡಿಕೊಳ್ಳದೆ ನಡೆದೆವು. ಸಂಪಿಗೆ ರಸ್ತೆಯಲ್ಲಿ ಅದು ಸಾಧ್ಯವಾಗಿರಲಿಲ್ಲ.

ಎಂಟನೆಯ ಅಡ್ಡರಸ್ತೆಯಲ್ಲಿಯೂ ಹಬ್ಬದ ವಾರಗಳಲ್ಲಾದರೂ ಹೀಗೇಕೆ ಮಾಡಬಾರದು? ವ್ಯಾಪಾರ ಕೆಡುವುದೆಂದು ವರ್ತಕರು ಹೆದರಬಹುದು. ಆದರೆ ಹೂವು ಕೊಳ್ಳತಕ್ಕವರು ನಿಂತು, ಆರಿಸಿ, ಚೌಕಾಸಿ ಮಾಡಿ ಕೊಳ್ಳುವವರೇ ಹೊರತು ಕಾರಿನೊಳಗಿಂದ ಕೈ ಚಾಚುವವರಲ್ಲ. ನಿಲ್ದಾಣದಿಂದ ಅಲ್ಲಿಗೆ ಅಡಚಣೆಯಿಲ್ಲದ ಕಾಲುದಾರಿ, ಆಗಾಗ್ಗೆ ಬರುವ ಸಣ್ಣ ಬಸ್ಸುಗಳು, ವಾಹನ ನಿಲ್ಲಿಸುವುದಕ್ಕೆ ಸರಿಯಾದ ಶುಲ್ಕ, ದಾಟುವ ಕಡೆಗಳಲ್ಲಿ ಸಾಕಷ್ಟು ಹೊತ್ತಿನ ಕೆಂಪು ದೀಪ, ಇವಿಷ್ಟು ನಗರದ ಆಡಳಿತದವರ ಕೆಲಸ.

ಗೃಹಸ್ಥರ ಪಾಲಿನ ಕೆಲಸವೂ ಉಂಟು. ಅರ್ಧ ಕಿಲೋಮೀಟರಿನ ಶಾಲೆಗೆ ಮಗುವನ್ನು ವಾಹನದಲ್ಲಿ ಕೂರಿಸಿಕೊಂಡು ಹೋಗುವ ತಂದೆತಾಯಿಗಳನ್ನು ಕೇಳಿದರೆ, ಬೀದಿಯಲ್ಲಿ ವಾಹನಗಳು ಹೆಚ್ಚಾದುವೆಂದು ಕಾರಣ ಹೇಳುವರು. ಆ ವಾಹನಗಳಲ್ಲಿ ತಮ್ಮದೂ ಒಂದೆಂಬುದನ್ನು ಮರೆಯುವರು. ಒಂದೇ ಬೀದಿಯ ಐದಾರು ಮಕ್ಕಳನ್ನು ಒಟ್ಟುಗೂಡಿಸಿ, ದಿನಕ್ಕೊಬ್ಬ ಹಿರಿಯರು ಜತೆಗೂಡಿ ನಡೆಸಿಕೊಂಡು ಹೋದರೆ ಶಾಲೆಯ ಬಾಗಿಲ ಜಂಗುಳಿಯು ಅಷ್ಟರಮಟ್ಟಿಗೆ ಇಳಿಯುವುದು. ಮಕ್ಕಳಿಗೆ ತಮ್ಮ ಊರಿನ ಮರಗಿಡಗಳ ಪರಿಚಯವೂ ಆಗುವುದು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಮಗೆ, ನಡೆದು ಬಂದ ಮಗುವು ತರಗತಿಯಲ್ಲಿ ಹೆಚ್ಚು ಎಚ್ಚರವಾಗಿರುತ್ತದೆಂದು ತೋರಿದೆ. ಹಾಗೆಯೇ ಮನೆಯ ಮುಂದಣ ಕಾಲುದಾರಿಯ ಮೇಲೆ ನಮ್ಮ ವಾಹನವನ್ನು ಏರಿಸದೆ ಇರುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಈ ತಿಂಗಳು ವಾಚಕರು ತಮ್ಮ ತಮ್ಮ ಬೀದಿಯಲ್ಲಿ ಇಷ್ಟನ್ನು ಮಾಡಿದರೂ, ಕೆಲವು ವೃದ್ಧರಾದರೂ ಸಂಜೆಯ ದೀಪಾರಾಧನೆಯ ಹೊತ್ತಿಗೆ ಮತ್ತೆ ಗುಡಿಗೆ ಹೋಗಿ ಬಂದಾರು.