ಅಗುಳಿಯ ಸದ್ದು

ಭಯಾನಕ ರಸಕ್ಕೂ ನನಗೂ ಇರುವ ನಂಟು ಕಾವ್ಯಮೀಮಾಂಸೆಯ ಪಾಠದಷ್ಟಕ್ಕೇ. ಆದರೂ ಮೊನ್ನೆ ರಾತ್ರಿ ನನ್ನಾಕೆಯ ಒತ್ತಾಯಕ್ಕೆ ಮಣಿದು, ಜಾನ್ ಕಾರ್ಪೆಂಟರನ 1978ರ ‘ಹ್ಯಾಲೋವೀನ್’ ಎಂಬ ಅಮೆರಿಕದ ಚಿತ್ರವನ್ನು ಮನೆಯಲ್ಲಿಯೇ ನೋಡಿದೆ. ಮುಖವಾಡದ ಕೊಲೆಗಡುಕನಿಗೆ ಗೆಳತಿಯರಿಬ್ಬರೂ ಬಲಿಯಾದ ಮೇಲೆ ಲೋರಿ ಎಂಬ ಹುಡುಗಿಯೊಬ್ಬಳು ಉಳಿಯುತ್ತಾಳೆ. ಹೆಣಿಗೆಯ ಕಡ್ಡಿ, ಬಟ್ಟೆ ತೂಗುಹಾಕುವ ತಂತಿ—ಕೈಗೆ ಸಿಕ್ಕಿದ್ದೇ ಆಯುಧ. ಆದರೆ ಕೊನೆಗೆ ಗುಂಡು ಹಾರಿಸಿ ಅವಳನ್ನು ಕಾಪಾಡುವವನು ಮನೋವೈದ್ಯ ಮಹಾಶಯ! ಅಳುತ್ತ ಕುಳಿತ ಅವಳನ್ನು ಅಲ್ಲಿಯೇ ಬಿಟ್ಟು ಚಿತ್ರ ಮುಗಿಯುತ್ತದೆ.

“ಅಲ್ಲರೀ, ಆಮೇಲೆ ಆ ಹುಡುಗಿಗೆ ನಿದ್ದೆ ಹತ್ತಿತೇನು?” ಎಂದಳು ನನ್ನಾಕೆ.

ಇಂತಹ ನಾಯಿಕೆಗೆ ‘ಕೊನೆಯ ಹುಡುಗಿ’ ಎಂದು 1987ರಲ್ಲಿ ಹೆಸರಿಟ್ಟವರು ಕ್ಯಾರೊಲ್ ಕ್ಲೋವರ್ ಎಂಬ ವಿದುಷಿ. ಆದರೆ ನನ್ನಾಕೆಯ ಪ್ರಶ್ನೆಗೆ ಉತ್ತರ ದೊರೆತದ್ದು 2018ರ ಅದೇ ಹೆಸರಿನ ಚಿತ್ರದಲ್ಲಿ. ಅದೇ ನಟಿ, ಜೇಮಿ ಲೀ ಕರ್ಟಿಸ್, ಇಲ್ಲಿ ಅಜ್ಜಿ. ಮನೆ ಕೋಟೆಯಾಗಿದೆ, ಎರಡು ಮದುವೆಗಳು ಮುರಿದಿವೆ, ಮಗಳನ್ನು 12ನೆಯ ವಯಸ್ಸಿನಲ್ಲಿಯೇ ಸರಕಾರ ಅವಳಿಂದ ಬೇರ್ಪಡಿಸಿದೆ. ಕಡೆಗೆ ಅಜ್ಜಿ, ಮಗಳು, ಮೊಮ್ಮಗಳು ಕೂಡಿ ಆ ದುಷ್ಟನನ್ನು ನೆಲಮಾಳಿಗೆಯಲ್ಲಿ ಸೆರೆಹಾಕಿ ಬೆಂಕಿಯಿಡುತ್ತಾರೆ. ಈ ಸಲ ಕಾಪಾಡಲು ಯಾವ ವೈದ್ಯನೂ ಬರುವುದಿಲ್ಲ.

ನನಗೆ ನೆನಪಾದವರು ನಮ್ಮ ಚಿಕ್ಕಮ್ಮ. ನನ್ನ ಬಾಲ್ಯದಲ್ಲಿ, ಅವರೊಬ್ಬರೇ ಇದ್ದ ರಾತ್ರಿ ಮನೆಗೆ ಕಳ್ಳರು ನುಗ್ಗಿದ್ದರು. ಚಿಕ್ಕಮ್ಮ ಅಟ್ಟದಲ್ಲಿ ಅಡಗಿ ಉಳಿದುಕೊಂಡರು. ಪುಣ್ಯವಂತೆ ಎಂದರು ಎಲ್ಲರೂ. ಅಲ್ಲಿಗೆ ಕಥೆ ಮುಗಿಯಿತು. ಅಂದಿನಿಂದ ಅವರು ರಾತ್ರಿ ಮೂರು ಸಲ ಎದ್ದು ಬಾಗಿಲ ಅಗುಳಿ ಅಲುಗಿಸಿ ನೋಡುತ್ತಿದ್ದುದನ್ನು ನಾನೇ ಅಣಕಿಸಿ ಮನೆಮಂದಿಯನ್ನು ನಗಿಸುತ್ತಿದ್ದೆ. ಚಿಕ್ಕಮ್ಮನೂ ನಗುತ್ತಿದ್ದರು. ನಕ್ಕು, ಮತ್ತೊಮ್ಮೆ ಎದ್ದು ಹೋಗುತ್ತಿದ್ದರು.